ಹೇಳದೆ ಉಳಿದ ಟೈಪು: ಜೆನೆರಿಕ್ ಮೆಥಡ್‌ಗಳ ಡೀಫಾಲ್ಟ್ ಮತ್ತು ಕನ್ನಡದ ಅಕಾರಾದಿ



1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ ಧಾರವಾಡದಲ್ಲಿ ವ್ಯಾಕರಣದ ಮಾತಿಗೆ ಯಾವತ್ತೂ ಕೇಳುಗರಿದ್ದಾರೆ. 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಈಗ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಇದೇ ಧಾರವಾಡಕ್ಕೆ ಬಂದಿವೆ. ಹೀಗಾಗಿ ಪ್ರೋಗ್ರಾಮಿಂಗ್ ಭಾಷೆಗಳ ಮಾತಿಗೂ ಈಗ ಇಲ್ಲಿ ಕೇಳುಗರಿಗೆ ಕೊರತೆಯಿಲ್ಲ. ಈ ಎರಡೂ ಬಗೆಯ ಕೇಳುಗರು ಒಟ್ಟಿಗೆ ಕುಳಿತ ಸಭೆಯಲ್ಲಿ ಇಬ್ಬರಿಗೂ ಸಲ್ಲುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದು ಯೋಗ್ಯ ಎಂದು ಭಾವಿಸಿದ್ದೇನೆ. ಪ್ರಶ್ನೆ ಇಷ್ಟು: ಹೇಳಬೇಕಾದದ್ದನ್ನು ಹೇಳುವವನು ಹೇಳದೆ ಬಿಟ್ಟಾಗ, ಅವನ ಪರವಾಗಿ ಯಾರು, ಯಾವ ನಿಯಮದಿಂದ ನಿರ್ಧರಿಸಬೇಕು? ಪ್ರೋಗ್ರಾಮಿಂಗ್‌ನಲ್ಲಿ ಈ ಪ್ರಶ್ನೆ ಟೈಪ್ ಕ್ಲಾಸ್‌ಗಳನ್ನು ಬಳಸುವ ಜೆನೆರಿಕ್ ಮೆಥಡ್‌ಗಳಲ್ಲಿ ಬಹಳ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತದೆ.

ವಿಷಯವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲಿಗೆ ಜೆನೆರಿಕ್ ಮೆಥಡ್, ಟೈಪ್ ಕ್ಲಾಸ್ ಎಂದರೇನೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಹೇಳುತ್ತೇನೆ. ಎರಡನೆಯದಾಗಿ, ಹೇಳದೆ ಬಿಟ್ಟದ್ದನ್ನು ನಮ್ಮ ವ್ಯಾಕರಣ ಪರಂಪರೆ ಹೇಗೆ ನಿಭಾಯಿಸಿದೆ ಎಂಬುದನ್ನು ನೋಡೋಣ. ಮೂರನೆಯದಾಗಿ ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳು ಕಂಡುಕೊಂಡ ಉಪಾಯಗಳನ್ನು, ಅದರಲ್ಲೂ ಸ್ಕಾಲಾ ಭಾಷೆಯ ಒಂದು ಜಾಣ ವಿಧಾನವನ್ನು ಬಿಡಿಸಿ ನೋಡೋಣ. ನಾಲ್ಕನೆಯದಾಗಿ ಕನ್ನಡದ ಅಕಾರಾದಿಯನ್ನು ಪರೀಕ್ಷೆಗೆ ಒಡ್ಡಿ, ಡೀಫಾಲ್ಟ್, ಅಂದರೆ ಹೇಳದವರ ಪರವಾಗಿ ಮೊದಲೇ ಗೊತ್ತುಮಾಡಿಟ್ಟ ಆಯ್ಕೆ, ಎಲ್ಲಿ ನೆರವಾಗುತ್ತದೆ, ಎಲ್ಲಿ ಕೆಡಿಸುತ್ತದೆ ಎಂದು ವಿಚಾರಿಸೋಣ. ಕೊನೆಗೆ ಆಕ್ಷೇಪಗಳಿಗೆ ಉತ್ತರ ಕೊಡುತ್ತೇನೆ. ನನ್ನ ವಾದವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಡೀಫಾಲ್ಟ್ ಒಂದು ಸಣ್ಣ ಅನುಕೂಲವೆಂದು ಎಣಿಸುವುದು ತಪ್ಪು, ಅದೊಂದು ಅಧಿಕಾರ. ಸಾಕ್ಷ್ಯ ಬಂದೊಡನೆ ಅದು ಹಿಂದೆ ಸರಿಯಬೇಕು, ಓದುವವರಿಗೆ ಕಾಣುವ ಜಾಗದಲ್ಲಿರಬೇಕು, ಗೊತ್ತಾಗದಂತೆ ಅರ್ಥವನ್ನೇ ಬದಲಿಸುವ ಕಡೆ ಇರಲೇಬಾರದು. ಮೊದಲ ಎರಡು ಷರತ್ತುಗಳನ್ನು ಟೈಪ್ ಕ್ಲಾಸ್ ವಿಧಾನ ಚೆನ್ನಾಗಿ ಪೂರೈಸುತ್ತದೆ. ಮೂರನೆಯದು ಮೆಥಡ್ ಬರೆಯುವವರ ವಿವೇಕಕ್ಕೆ ಬಿಟ್ಟದ್ದು.

ಮೊದಲ ಭಾಗಕ್ಕೆ ಬರೋಣ. ಒಂದು ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಮೆಥಡ್ ಬರೆಯಬೇಕೆಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಅಂಕಿಗಳಿರಬಹುದು, ಹೆಸರುಗಳಿರಬಹುದು, ತಾರೀಖುಗಳಿರಬಹುದು. ಜೋಡಿಸುವ ಕ್ರಿಯೆ ಮಾತ್ರ ಎಲ್ಲಕ್ಕೂ ಒಂದೇ: ಎರಡೆರಡನ್ನು ಹೋಲಿಸುವುದು, ಚಿಕ್ಕದನ್ನು ಮುಂದಿಡುವುದು. ಆದ್ದರಿಂದ ಟೈಪಿನ, ಅಂದರೆ ವಸ್ತು ಯಾವ ಬಗೆಯದೆಂಬುದರ, ಜಾಗವನ್ನು ಖಾಲಿ ಬಿಟ್ಟು, ಅಲ್ಲೊಂದು ಅಕ್ಷರವನ್ನು ಕೂರಿಸಿ, ಮೆಥಡನ್ನು ಒಂದೇ ಸಲ ಬರೆಯುತ್ತೇವೆ. ಕರೆಯುವವರು ಆ ಜಾಗವನ್ನು ತುಂಬುತ್ತಾರೆ. ಇದು ಜೆನೆರಿಕ್ ಮೆಥಡ್. ಆ ಖಾಲಿ ಜಾಗ ಟೈಪ್ ಪ್ಯಾರಾಮೀಟರ್. ಆದರೆ ಅಂಕಿಗಳನ್ನು ಹೋಲಿಸುವ ರೀತಿ ಬೇರೆ, ತಾರೀಖುಗಳನ್ನು ಹೋಲಿಸುವ ರೀತಿ ಬೇರೆ. ಕ್ರಿಯೆಯ ಚೌಕಟ್ಟು ಒಂದೇ ಆಗಿದ್ದರೂ ಒಳಗಿನ ಒಂದು ಹೆಜ್ಜೆ ಟೈಪಿನಿಂದ ಟೈಪಿಗೆ ಬದಲಾಗುತ್ತದೆ. ಈ ಎರಡು ಬಗೆಯ ಸಾಮಾನ್ಯತೆಗಳ ವ್ಯತ್ಯಾಸವನ್ನು ಕ್ರಿಸ್ಟೊಫರ್ ಸ್ಟ್ರೇಚಿ 1967ರಲ್ಲಿ ಕೋಪನ್‌ಹೇಗನ್ನಿನ ಬೇಸಿಗೆ ಶಾಲೆಯಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಗುರುತಿಸಿದರು. ಎಲ್ಲ ಟೈಪುಗಳಿಗೂ ಒಂದೇ ಸಮನೆ ನಡೆಯುವುದು ಒಂದು ಬಗೆ, ಟೈಪಿಗೆ ತಕ್ಕಂತೆ ಬೇರೆ ಬೇರೆಯಾಗಿ ನಡೆಯುವುದು ಇನ್ನೊಂದು ಬಗೆ. ಎರಡನೆಯದನ್ನು ಶಿಸ್ತಿಗೆ ತರುವ ದಾರಿಯನ್ನು 1989ರಲ್ಲಿ ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ ತೋರಿಸಿದರು. ಅದೇ ಟೈಪ್ ಕ್ಲಾಸ್. ಹ್ಯಾಸ್ಕೆಲ್ ಭಾಷೆ ಅದನ್ನು ತನ್ನ ಬೆನ್ನೆಲುಬನ್ನಾಗಿ ಮಾಡಿಕೊಂಡಿತು. ಮಾರ್ಟಿನ್ ಓಡರ್‌ಸ್ಕಿ ರೂಪಿಸಿದ ಸ್ಕಾಲಾ ಭಾಷೆ ಅದೇ ವಿಚಾರವನ್ನು ತಾನಾಗಿ ಒದಗಿಬರುವ ಪ್ಯಾರಾಮೀಟರುಗಳ ಮೂಲಕ ಸಾಧಿಸಿತು.

ಟೈಪ್ ಕ್ಲಾಸ್ ಎಂಬುದು ಒಂದು ಯೋಗ್ಯತಾಪತ್ರದ ನಮೂನೆ ಇದ್ದಂತೆ. ಹೋಲಿಸಲು ಬರಬೇಕು ಎಂಬ ಯೋಗ್ಯತೆಗೆ ಒಂದು ನಮೂನೆ, ಅಕ್ಷರಗಳಾಗಿ ಬರೆಯಲು ಬರಬೇಕು ಎಂಬ ಯೋಗ್ಯತೆಗೆ ಇನ್ನೊಂದು. ಪ್ರತಿಯೊಂದು ಟೈಪಿಗೂ ಆ ನಮೂನೆಯನ್ನು ತುಂಬಿದ ಪತ್ರವನ್ನು ಬೇರೆಯಾಗಿ ಬರೆದಿಡಬಹುದು. ಟೈಪನ್ನು ಮೊದಲು ಬರೆದವರ ಕಡತವನ್ನು ಮುಟ್ಟಬೇಕಿಲ್ಲ. ಜೋಡಿಸುವ ಮೆಥಡ್ ಕೇಳುವುದು ಇಷ್ಟೇ: ಯಾವ ಟೈಪನ್ನಾದರೂ ತನ್ನಿ, ಅದರ ಜೊತೆಗೆ ಹೋಲಿಕೆಯ ಪತ್ರವೂ ಇರಲಿ. ಕರೆಯುವವರು ಟೈಪನ್ನು ತಿಳಿಸಿದರೆ ಕೋಡನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ತಾನೇ ಹುಡುಕಿ ಪತ್ರವನ್ನು ಒದಗಿಸುತ್ತದೆ. ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ. ಈ ವ್ಯವಸ್ಥೆಯಲ್ಲಿ ಟೈಪು ಬರಿಯ ಆಕಾರವನ್ನಷ್ಟೇ ಹೇಳುವುದಿಲ್ಲ, ನಡವಳಿಕೆಯನ್ನೂ ಎಳೆದು ತರುತ್ತದೆ. ಟೈಪನ್ನು ಆರಿಸಿದವರು ಹೋಲಿಕೆಯ ರೀತಿಯನ್ನೂ ಆರಿಸಿದಂತೆಯೇ. ಆದ್ದರಿಂದ ಕರೆಯುವವರು ಟೈಪನ್ನು ಹೇಳದಿದ್ದಾಗ ಅವರ ಪರವಾಗಿ ಒಂದು ಟೈಪನ್ನು ತುಂಬುವುದೆಂದರೆ, ಅವರ ಪರವಾಗಿ ಒಂದು ನಡವಳಿಕೆಯನ್ನು ಒಪ್ಪಿಕೊಳ್ಳುವುದೂ ಆಗುತ್ತದೆ. ಡೀಫಾಲ್ಟಿಗೆ ಅಧಿಕಾರದ ಗುಣ ಬರುವುದು ಇಲ್ಲಿಂದ.

ಈಗ ಎರಡನೆಯ ಭಾಗ. ಹೇಳದೆ ಉಳಿದದ್ದಕ್ಕೆ ನಿಯಮ ಮಾಡುವ ಕೆಲಸ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಪಾಣಿನಿಯ ವ್ಯಾಕರಣದಲ್ಲಿ ಉತ್ಸರ್ಗ, ಅಪವಾದ ಎಂಬ ಜೋಡಿ ಇದೆ. ಉತ್ಸರ್ಗವೆಂದರೆ ಎಲ್ಲೆಡೆಗೂ ಅನ್ವಯಿಸುವ ಸಾಮಾನ್ಯ ನಿಯಮ. ಅಪವಾದವೆಂದರೆ ನಿರ್ದಿಷ್ಟ ಸಂದರ್ಭದ ವಿಶೇಷ ನಿಯಮ. ಎರಡೂ ಒಂದೇ ಜಾಗಕ್ಕೆ ಬಂದರೆ ವಿಶೇಷ ನಿಯಮವೇ ಗೆಲ್ಲುತ್ತದೆ. ಇದರ ಜೊತೆಗೆ ಶೇಷ ಎಂಬ ಇನ್ನೊಂದು ಉಪಾಯವೂ ಇದೆ. ಸಂಸ್ಕೃತ ಕ್ರಿಯಾಪದದ ಪುರುಷವನ್ನು ಗೊತ್ತು ಮಾಡುವಾಗ, ನೀನು ಎಂಬ ಅರ್ಥವಿದ್ದರೆ ಮಧ್ಯಮ ಪುರುಷ, ನಾನು ಎಂಬ ಅರ್ಥವಿದ್ದರೆ ಉತ್ತಮ ಪುರುಷ ಎಂದು ಮೊದಲು ಹೇಳಿ, ಉಳಿದ ಎಲ್ಲ ಕಡೆಯೂ ಪ್ರಥಮ ಪುರುಷವೆಂದು ಕೊನೆಗೆ ವಿಧಿಸಲಾಗಿದೆ. ರಾಮ, ಮರ, ನದಿ, ನ್ಯಾಯ ಎಂದು ಪಟ್ಟಿ ಮಾಡುತ್ತ ಕೂರಬೇಕಿಲ್ಲ. ವಿಶೇಷಗಳನ್ನು ಹೆಸರಿಸಿದರೆ ಉಳಿಕೆ ತಾನಾಗಿ ತುಂಬಿಕೊಳ್ಳುತ್ತದೆ. ಈ ವಿಧಾನದ ನೆರಳು ಕನ್ನಡ ವ್ಯಾಕರಣಗಳ ಮೇಲೂ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1604ರಲ್ಲಿ ಭಟ್ಟಾಕಳಂಕ ಸಂಸ್ಕೃತದಲ್ಲಿ ರಚಿಸಿದ 592 ಸೂತ್ರಗಳ ಕರ್ಣಾಟಕ ಶಬ್ದಾನುಶಾಸನವನ್ನೂ ಓದುವವರು, ಮೊದಲು ಸಾಮಾನ್ಯ ವಿಧಿ ಹೇಳಿ ಆಮೇಲೆ ಅದನ್ನು ತಡೆಯುವ ವಿಧಿ ಹೇಳುವ ಈ ಕ್ರಮವನ್ನು ಬಲ್ಲರು.

ಕನ್ನಡದ ಬಹುವಚನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹುಡುಗ, ಅರಸ ಎಂಬಂಥ ಅಕಾರಾಂತ ಮನುಷ್ಯವಾಚಕಗಳಿಗೆ ‘ಅರು’ ಬರುತ್ತದೆ: ಹುಡುಗರು, ಅರಸರು. ಅಣ್ಣ, ತಾಯಿ ಎಂಬಂಥ ಸಂಬಂಧವಾಚಕಗಳಿಗೆ ‘ಅಂದಿರು’ ಬರುತ್ತದೆ: ಅಣ್ಣಂದಿರು, ತಾಯಂದಿರು. ಇಂಥವು ವಿಶೇಷ ನಿಯಮಗಳು. ಇವುಗಳ ಕೈಗೆ ಸಿಗದ್ದೆಲ್ಲ ‘ಗಳು’ ಪ್ರತ್ಯಯದ ಪಾಲು: ಮರಗಳು, ಕಲ್ಲುಗಳು, ಗುರುಗಳು, ವಿದ್ಯಾರ್ಥಿಗಳು. ಹೊಸ ಪದಗಳು ಬಂದಾಗ ಈ ಏರ್ಪಾಟಿನ ಬಲ ಗೊತ್ತಾಗುತ್ತದೆ. ಬಸ್ಸು, ಮೊಬೈಲು, ಸರ್ವರು ಬಂದಾಗ ಯಾವ ವ್ಯಾಕರಣ ಸಮಿತಿಯೂ ಸೇರಬೇಕಾಗಲಿಲ್ಲ. ಬಸ್ಸುಗಳು, ಮೊಬೈಲುಗಳು, ಸರ್ವರುಗಳು ತಾವಾಗಿಯೇ ಆದವು. ಎಂಜಿನಿಯರ್ ಮನುಷ್ಯವಾಚಕವಾದರೂ ಅದು ಅಕಾರಾಂತವಲ್ಲ, ಸಂಬಂಧವಾಚಕವೂ ಅಲ್ಲ. ಹಾಗಾಗಿ ಅದೂ ‘ಎಂಜಿನಿಯರುಗಳು’ ಆಯಿತು. ಅಷ್ಟಾದರೂ ‘ಹುಡುಗಗಳು’ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಅಲ್ಲಿ ವಿಶೇಷ ನಿಯಮಕ್ಕೆ ಹಿಡಿತ ಸಿಕ್ಕಿದೆ. ಒಳ್ಳೆಯ ಡೀಫಾಲ್ಟಿನ ಎರಡು ಲಕ್ಷಣಗಳು ಇಲ್ಲಿ ಕಾಣಿಸುತ್ತವೆ. ಮುಂದೆ ಬರಲಿರುವ, ಇನ್ನೂ ಹುಟ್ಟಿರದ ಸಂದರ್ಭಗಳನ್ನೂ ಅದು ನಿಭಾಯಿಸುತ್ತದೆ. ವಿಶೇಷ ನಿಯಮ ಇದ್ದ ಕಡೆ ಹಕ್ಕು ಸಾಧಿಸಲು ಹೋಗುವುದಿಲ್ಲ. ಈ ಎರಡನೆಯ ಲಕ್ಷಣವನ್ನು ಕಂಪೈಲರಿನೊಳಗೆ ತರುವುದು ಹೇಗೆ ಎಂಬುದೇ ನಮ್ಮ ಮೂರನೆಯ ಭಾಗ.

ಪ್ರೋಗ್ರಾಮಿಂಗ್ ಭಾಷೆಗಳು ಈ ವಿಷಯದಲ್ಲಿ ಒಂದೇ ದಾರಿ ಹಿಡಿದಿಲ್ಲ. ಸಿ++ ಭಾಷೆಯ 1998ರ ಮಾನಕ ಕ್ಲಾಸ್ ಟೆಂಪ್ಲೇಟುಗಳಿಗೆ ಮಾತ್ರ ಡೀಫಾಲ್ಟ್ ಟೈಪುಗಳನ್ನು ಕೊಟ್ಟಿತ್ತು. ಫಂಕ್ಷನ್ ಟೆಂಪ್ಲೇಟುಗಳಿಗೆ ಆ ಸೌಲಭ್ಯ ಬಂದದ್ದು 2011ರ ಮಾನಕದಲ್ಲಿ. ಅದರ ಪ್ರಯೋಜನ ಕಾಣಲು ಹಳೆಯ ಮೌಲ್ಯವನ್ನು ತೆಗೆದು ಹೊಸದನ್ನು ಇಡುವ ‘ಎಕ್ಸ್‌ಚೇಂಜ್’ ಎಂಬ ಚಿಕ್ಕ ಫಂಕ್ಷನ್ನನ್ನು ನೋಡಬಹುದು. ಹೊಸ ಮೌಲ್ಯದ ಜಾಗದಲ್ಲಿ ಬರಿಯ ಖಾಲಿ ಆವರಣ ಚಿಹ್ನೆ ಕೊಟ್ಟರೆ ಅದಕ್ಕೆ ತನ್ನದೇ ಆದ ಟೈಪಿಲ್ಲ. ಹೊಸದರ ಟೈಪು ಗೊತ್ತಾಗದಿದ್ದರೆ ಹಳೆಯದರ ಟೈಪನ್ನೇ ತೆಗೆದುಕೋ ಎಂಬ ಡೀಫಾಲ್ಟ್ ಆಗ ಕೆಲಸಕ್ಕೆ ಬರುತ್ತದೆ. 2004ರಲ್ಲಿ ಜಾವಾದ ಐದನೆಯ ಆವೃತ್ತಿಯೊಂದಿಗೆ ಬಂದ ಜೆನೆರಿಕ್ಸ್‌ನಲ್ಲಿ ಇಂಥ ಸೌಲಭ್ಯವಿಲ್ಲ. ಟೈಪ್‌ಸ್ಕ್ರಿಪ್ಟ್ 2017ರಲ್ಲಿ, ತನ್ನ 2.3ನೆಯ ಆವೃತ್ತಿಯಲ್ಲಿ, ಇದನ್ನು ಸೇರಿಸಿಕೊಂಡಿತು. ರಸ್ಟ್ ಭಾಷೆ ಸ್ಟ್ರಕ್ಟ್ ಮತ್ತು ಟ್ರೇಟ್‌ಗಳ ಟೈಪ್ ಪ್ಯಾರಾಮೀಟರಿಗೆ ಡೀಫಾಲ್ಟ್ ಒಪ್ಪುತ್ತದೆ, ಫಂಕ್ಷನ್ನುಗಳಲ್ಲಿ ಒಪ್ಪುವುದಿಲ್ಲ. ಹ್ಯಾಸ್ಕೆಲ್‌ನ ದಾರಿ ಬೇರೆ. ಅಂಕಿಯ ಟೈಪು ಎಲ್ಲಿಂದಲೂ ಗೊತ್ತಾಗದಿದ್ದರೆ, ಕೆಲವು ಕಟ್ಟುನಿಟ್ಟಿನ ಷರತ್ತುಗಳಿಗೆ ಒಳಪಟ್ಟು, ಮೊದಲು ‘ಇಂಟೀಜರ್’, ಅದು ಹೊಂದದಿದ್ದರೆ ‘ಡಬಲ್’ ಎಂದು ಅದರ ಮಾನಕವೇ ವಿಧಿಸಿದೆ.

ಹ್ಯಾಸ್ಕೆಲ್‌ನ ಆಯ್ಕೆಯನ್ನು ಸ್ವಲ್ಪ ನಿಂತು ನೋಡಬೇಕು. ಅಲ್ಲಿ ‘ಇಂಟೀಜರ್’ ಎಂಬುದು ಗಾತ್ರದ ಮಿತಿಯಿಲ್ಲದ ಪೂರ್ಣಾಂಕ, ‘ಇಂಟ್’ ಎಂಬುದು ಯಂತ್ರದ ಅಳತೆಗೆ ಕಟ್ಟುಬಿದ್ದ ಪೂರ್ಣಾಂಕ. ಎರಡರ 64ನೆಯ ಘಾತವನ್ನು ಮೊದಲನೆಯದರಲ್ಲಿ ಲೆಕ್ಕ ಹಾಕಿದರೆ 18446744073709551616 ಬರುತ್ತದೆ. 64 ಬಿಟ್ಟುಗಳ ಯಂತ್ರದಲ್ಲಿ ಎರಡನೆಯದರಿಂದ ಲೆಕ್ಕ ಹಾಕಿದರೆ ಸೊನ್ನೆ ಬರುತ್ತದೆ. ವೇಗ ಬೇಕಾದವರಿಗೆ ‘ಇಂಟ್’ ಒಳ್ಳೆಯದಾದರೂ, ಏನನ್ನೂ ಹೇಳದವರ ಪರವಾಗಿ ಮಾನಕ ಆರಿಸಿದ್ದು ನಿಧಾನವಾದರೂ ಸುಳ್ಳು ಹೇಳದ ಟೈಪನ್ನು. ಸುಮ್ಮನಿದ್ದವರಿಗೆ ಗಣಿತದ ಪುಸ್ತಕ ಕೊಡುವ ಉತ್ತರವೇ ಸಿಗಲಿ, ಜಾಣತನ ಬೇಕಾದವರು ಬಾಯಿಬಿಟ್ಟು ಕೇಳಲಿ ಎಂಬುದು ಇದರ ಹಿಂದಿನ ನೀತಿ. ಆದರೂ ಈ ವಿಧಾನಕ್ಕೊಂದು ಮಿತಿಯಿದೆ. ಡೀಫಾಲ್ಟ್ ಭಾಷೆಯ ಗರ್ಭದಲ್ಲಿದೆ. ಬೇಕಾದರೆ ಒಂದು ಇಡೀ ಮಾಡ್ಯೂಲಿಗೆ ಬದಲಿಸಿಕೊಳ್ಳಬಹುದೇ ಹೊರತು, ಒಂದೊಂದು ಮೆಥಡಿಗೂ ಅದನ್ನು ಬರೆದವರು ಬೇರೆ ಬೇರೆ ಡೀಫಾಲ್ಟ್ ಕೊಡಲು ಆಗುವುದಿಲ್ಲ.

ಆ ಮಿತಿಯನ್ನು ದಾಟುವ ವಿಧಾನವನ್ನು ಸ್ಕಾಲಾ ಬಳಸುವವರು ಟೈಪ್ ಕ್ಲಾಸ್‌ನಿಂದಲೇ ಕಟ್ಟಿಕೊಂಡರು. ಸ್ಕಾಲಾದಲ್ಲಿ ಮೆಥಡಿನ ಟೈಪ್ ಪ್ಯಾರಾಮೀಟರಿಗೆ ನೇರವಾಗಿ ಡೀಫಾಲ್ಟ್ ಬರೆಯುವ ವ್ಯಾಕರಣವಿಲ್ಲ. ಆದ್ದರಿಂದ ಮೆಥಡ್ ಒಂದು ಹೆಚ್ಚಿನ ಯೋಗ್ಯತಾಪತ್ರವನ್ನು ಕೇಳುತ್ತದೆ. ಅದರಲ್ಲಿ ಎರಡು ಟೈಪುಗಳ ಹೆಸರುಗಳಿರುತ್ತವೆ: ಒಂದು ಕರೆಯುವವರು ತುಂಬಬೇಕಾದ ಟೈಪು, ಇನ್ನೊಂದು ಮೆಥಡ್ ಬರೆದವರು ಸೂಚಿಸಿದ ಡೀಫಾಲ್ಟ್ ಟೈಪು. ಈ ಪತ್ರವನ್ನು ಎರಡು ಕಡೆಯಿಂದ ಪಡೆಯಬಹುದು. ಮೊದಲ ಘೋಷಣೆ, ಎರಡೂ ಟೈಪುಗಳು ಒಂದೇ ಆಗಿದ್ದರೆ ಮಾತ್ರ ಪತ್ರ ಕೊಡುತ್ತದೆ. ಎರಡನೆಯದು ಯಾವ ಎರಡು ಟೈಪುಗಳಿಗಾದರೂ ಕೊಡುತ್ತದೆ, ಆದರೆ ಅದಕ್ಕೆ ಆದ್ಯತೆ ಕಡಿಮೆ. ಅದನ್ನು ತಾಯಿ ಟ್ರೇಟ್‌ನಲ್ಲಿ ಬರೆದು, ಮೊದಲನೆಯದನ್ನು ಅದರಿಂದ ಹುಟ್ಟಿದ ಆಬ್ಜೆಕ್ಟಿನಲ್ಲಿ ಬರೆದಿರುತ್ತಾರೆ. ಹುಟ್ಟಿದ ಕಡೆ ಬರೆದದ್ದನ್ನು ಸ್ಕಾಲಾ ಹೆಚ್ಚು ವಿಶೇಷವೆಂದು ಎಣಿಸುತ್ತದೆ. ಈಗ ಕರೆಯುವವರು ಟೈಪನ್ನು ಹೇಳದೆ ಬಿಟ್ಟರೆಂದುಕೊಳ್ಳಿ. ಕಂಪೈಲರ್ ಇನ್ನೂ ತುಂಬದ ಜಾಗವನ್ನು ಹಿಡಿದುಕೊಂಡೇ ಪತ್ರ ಹುಡುಕಲು ಹೋಗುತ್ತದೆ. ಮೊದಲ ಘೋಷಣೆ ಎದುರಾಗುತ್ತದೆ, ಎರಡೂ ಒಂದೇ ಆಗಿರಲಿ ಎನ್ನುತ್ತದೆ, ಖಾಲಿ ಜಾಗಕ್ಕೆ ಡೀಫಾಲ್ಟ್ ಬಂದು ಕೂರುತ್ತದೆ. ಕರೆಯುವವರು ಬೇರೆ ಟೈಪನ್ನು ಹೇಳಿದ್ದರೆ, ಅಥವಾ ಅವರು ಕೊಟ್ಟ ವಸ್ತುಗಳಿಂದಲೇ ಟೈಪು ಗೊತ್ತಾಗಿದ್ದರೆ, ಮೊದಲ ಘೋಷಣೆ ಹೊಂದುವುದಿಲ್ಲ. ಆಗ ಎರಡನೆಯದು ಪತ್ರ ಕೊಟ್ಟು ದಾರಿ ಬಿಡುತ್ತದೆ, ಡೀಫಾಲ್ಟ್ ಸದ್ದಿಲ್ಲದೆ ಹಿಂದೆ ಸರಿಯುತ್ತದೆ.

ಈ ರಚನೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೆಥಡ್ ಹೋಲಿಕೆಯ ಪತ್ರವನ್ನೂ ಡೀಫಾಲ್ಟಿನ ಪತ್ರವನ್ನೂ ಕೇಳುವಾಗ ಡೀಫಾಲ್ಟಿನದನ್ನು ಮೊದಲು ಕೇಳಬೇಕು. ಟೈಪು ಗೊತ್ತಾಗುವ ಮುನ್ನವೇ ಹೋಲಿಕೆಯ ಪತ್ರ ಹುಡುಕಲು ಹೊರಟರೆ ಅಂಕಿಯದು, ಅಕ್ಷರದ್ದು, ತಾರೀಖಿನದು ಎಲ್ಲವೂ ಹೊಂದುತ್ತವೆ, ಕಂಪೈಲರ್ ಗೊಂದಲಕ್ಕೆ ಬೀಳುತ್ತದೆ. ಮೊದಲು ಟೈಪು ನಿಲ್ಲಬೇಕು, ಆಮೇಲೆ ಅದರ ನಡವಳಿಕೆ ಬರಬೇಕು. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಪ್ರಕೃತಿ ಗೊತ್ತಾದ ಮೇಲೆ ಪ್ರತ್ಯಯ. ಇಡೀ ವಿಧಾನದಲ್ಲಿ ಭಾಷೆಗೆ ಹೊಸದೇನನ್ನೂ ಸೇರಿಸಿಲ್ಲ. ಸಾಮಾನ್ಯ ಮತ್ತು ವಿಶೇಷ ನಿಯಮಗಳ ಆದ್ಯತೆಯೊಂದರಿಂದಲೇ ಡೀಫಾಲ್ಟ್ ಹುಟ್ಟಿದೆ. ಮೆಥಡಿನ ಹಣೆಯ ಮೇಲೆಯೇ ಡೀಫಾಲ್ಟ್ ಟೈಪಿನ ಹೆಸರು ಬರೆದಿರುವುದರಿಂದ ಓದುವವರಿಗೆ ಅದು ಕಾಣುತ್ತದೆ. ಸಾಕ್ಷ್ಯಕ್ಕೆ ಮಣಿಯುವುದು, ಕಣ್ಣಿಗೆ ಬೀಳುವುದು ಎಂಬ ಎರಡೂ ಷರತ್ತುಗಳು ಹೀಗೆ ಪೂರೈಸಿದವು.

ಇನ್ನು ನಾಲ್ಕನೆಯ ಭಾಗ, ಮೂರನೆಯ ಷರತ್ತಿನ ಪರೀಕ್ಷೆ. ಗೊತ್ತಾಗದಂತೆ ಅರ್ಥವನ್ನು ಬದಲಿಸುವ ಕಡೆ ಡೀಫಾಲ್ಟ್ ಏಕಿರಬಾರದು ಎಂಬುದಕ್ಕೆ ಕನ್ನಡದ ಅಕಾರಾದಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ನಮ್ಮ ವರ್ಣಮಾಲೆಯ ಕೊನೆಯ ಸಾಲು ಯ, ರ, ಲ, ವ, ಶ, ಷ, ಸ, ಹ, ಳ. ಕನ್ನಡದ ಪದಗಳನ್ನು ಈ ಕ್ರಮದಲ್ಲಿ ಜೋಡಿಸಿದರೆ ಕಲೆ, ಕವಿ, ಕಸ, ಕಹಿ, ಕಳೆ ಎಂದು ಬರಬೇಕು. ಆದರೆ ಕಂಪ್ಯೂಟರಿನೊಳಗೆ ಅಕ್ಷರಗಳಿರುವುದು ಸಂಖ್ಯೆಗಳಾಗಿ. 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್, ಭಾರತೀಯ ಲಿಪಿಗಳಿಗೆ ಇಸ್ಕಿ ಸಂಕೇತದ ಹಾಸನ್ನೇ ಆಧಾರವಾಗಿ ಇಟ್ಟುಕೊಂಡಿತು. ಇಸ್ಕಿಯ ಉದ್ದೇಶ ಎಲ್ಲ ಭಾರತೀಯ ಲಿಪಿಗಳ ಸಮಾನ ಅಕ್ಷರಗಳನ್ನೂ ಒಂದೇ ಮನೆಯಲ್ಲಿ ಇಡುವುದಾಗಿತ್ತು. ಆ ಸಾಮಾನ್ಯ ಹಾಸಿನಲ್ಲಿ ಲ ಮತ್ತು ಳ ಅಕ್ಕಪಕ್ಕದ ಮನೆಗಳಲ್ಲಿ ಕುಳಿತವು. ದಶಮಾನದಲ್ಲಿ ಹೇಳುವುದಾದರೆ ಲ 3250, ಳ 3251, ವ 3253, ಹ 3257. ಸಂಖ್ಯೆಗಳ ಕ್ರಮದಲ್ಲಿ ಜೋಡಿಸಿದರೆ ಅದೇ ಐದು ಪದಗಳು ಕಲೆ, ಕಳೆ, ಕವಿ, ಕಸ, ಕಹಿ ಎಂದಾಗುತ್ತವೆ. ಊರುಗಳ ಪಟ್ಟಿಯಲ್ಲಿ ಬಸವಕಲ್ಯಾಣದ ನಂತರ ಬರಬೇಕಾದ ಬಳ್ಳಾರಿ ಅದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ.

ಜಾವಾದ ಅಕ್ಷರಸರಣಿ ತನ್ನ ಸಹಜ ಹೋಲಿಕೆಯಲ್ಲಿ ಈ ಸಂಖ್ಯೆಗಳನ್ನೇ ನೋಡುತ್ತದೆ. ಸ್ಕಾಲಾದಲ್ಲಿ ‘ಸ್ಟ್ರಿಂಗ್’ ಎಂಬ ಟೈಪಿಗೆ ತಾನಾಗಿ ಒದಗುವ ಹೋಲಿಕೆಯ ಪತ್ರವೂ ಅದನ್ನೇ ನೆಚ್ಚಿಕೊಂಡಿದೆ. ಈಗ ನಮ್ಮ ಡೀಫಾಲ್ಟ್ ವಿಧಾನವನ್ನು ಇಲ್ಲಿಗೆ ತನ್ನಿ. ಪಟ್ಟಿ ಮಾಡುವ ಒಂದು ಮೆಥಡ್, ಜೋಡಣೆಗೆ ಆಧಾರವಾದ ಕೀಲಿಯ ಟೈಪನ್ನು ಹೇಳದವರಿಗೆ ‘ಸ್ಟ್ರಿಂಗ್’ ಎಂದು ಡೀಫಾಲ್ಟ್ ಕೊಟ್ಟಿದೆ ಎಂದುಕೊಳ್ಳಿ. ಬರೆದವರ ದೃಷ್ಟಿಯಲ್ಲಿ ಇದಕ್ಕಿಂತ ನಿರಪಾಯಕಾರಿ ಆಯ್ಕೆ ಇನ್ನಿಲ್ಲ. ಆದರೆ ಟೈಪಿನ ಜೊತೆ ನಡವಳಿಕೆಯೂ ಬರುತ್ತದೆಂದು ಮೊದಲ ಭಾಗದಲ್ಲಿ ನೋಡಿದೆವಲ್ಲ. ಆ ಡೀಫಾಲ್ಟಿನ ಬೆನ್ನಿಗೆ ಸಂಖ್ಯಾಕ್ರಮವೂ ಬಂದು, ಕನ್ನಡದ ಅಕಾರಾದಿ ಯಾರೂ ಕೇಳದೆ ಬದಲಾಗುತ್ತದೆ. ಇಲ್ಲಿನ ಅಪಾಯ ತಪ್ಪಿನ ಗಾತ್ರದಲ್ಲಿಲ್ಲ, ತಪ್ಪಿನ ಸಣ್ಣತನದಲ್ಲಿದೆ. ಸ್ವರಗಳು, ವರ್ಗೀಯ ವ್ಯಂಜನಗಳು ಸರಿಯಾಗಿಯೇ ಬರುತ್ತವೆ. ಅನುಸ್ವಾರದ ಸಂಖ್ಯೆ ವ್ಯಂಜನಗಳಿಗಿಂತ ಕಡಿಮೆ ಇರುವುದರಿಂದ ಕಂಬ ಎಂಬ ಪದವೂ ತನ್ನ ಜಾಗದಲ್ಲೇ ಇರುತ್ತದೆ. ಪರೀಕ್ಷೆಗೆಂದು ನಾಲ್ಕು ಪದ ಕೊಟ್ಟು ನೋಡಿದವರಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ಪೂರ್ತಿ ತಪ್ಪಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಬಹುಪಾಲು ಸರಿಯಿರುವುದರಿಂದ, ಳಕಾರದ ಪದವನ್ನು ಹುಡುಕಿ ಸಿಗದೆ ಪಟ್ಟಿಯಲ್ಲೇ ಇಲ್ಲವೆಂದು ತೀರ್ಮಾನಿಸುವ ಓದುಗರವರೆಗೆ ಅದು ಸಾಗಿಬರುತ್ತದೆ.

ಪರಿಹಾರ ಇಲ್ಲದಿಲ್ಲ. ಸಂಖ್ಯಾಕ್ರಮ ಬೇರೆ, ಭಾಷೆಯ ಜೋಡಣೆಯ ಕ್ರಮ ಬೇರೆ ಎಂದು ಒಪ್ಪಿಕೊಂಡೇ ಯೂನಿಕೋಡ್ ಸಂಸ್ಥೆ ಜೋಡಣೆಗೆ ಪ್ರತ್ಯೇಕ ಅಲ್ಗಾರಿದಮ್ ಪ್ರಕಟಿಸಿದೆ. ಭಾಷೆಗೆ ತಕ್ಕ ಹೊಂದಾಣಿಕೆಗಳನ್ನೂ ನಿರ್ವಹಿಸುತ್ತದೆ. ಜಾವಾದಲ್ಲಿಯೂ ಭಾಷೆಯನ್ನು ಹೆಸರಿಸಿ ಪಡೆಯಬಹುದಾದ ‘ಕೊಲೇಟರ್’ ಇದೆ. ಟೈಪ್ ಕ್ಲಾಸ್ ವ್ಯವಸ್ಥೆಯಲ್ಲಿ ಇದಕ್ಕೆ ಸೊಗಸಾದ ರೂಪ ಕೊಡಬಹುದು. ‘ಕನ್ನಡ ಪದ’ ಎಂಬ ಪ್ರತ್ಯೇಕ ಟೈಪನ್ನು ಮಾಡಿ, ಒಳಗೆ ಅದೇ ಅಕ್ಷರಸರಣಿಯನ್ನಿಟ್ಟು, ಅದಕ್ಕೆ ವರ್ಣಮಾಲೆಯ ಕ್ರಮ ಬಲ್ಲ ಹೋಲಿಕೆಯ ಪತ್ರವನ್ನು ಬರೆದರಾಯಿತು. ಆ ಟೈಪು ಹೋದ ಕಡೆಯಲ್ಲೆಲ್ಲ ಸರಿಯಾದ ಕ್ರಮವೂ ಜೊತೆಗೆ ಹೋಗುತ್ತದೆ. ಆದರೆ ಅದನ್ನು ಕೇಳಿ ಪಡೆಯಬೇಕು. ಕೇಳಲು ನೆನಪಾಗಬೇಕಾದರೆ ಮೆಥಡ್ ಸುಮ್ಮನೆ ಡೀಫಾಲ್ಟ್ ತುಂಬದೆ, ಯಾವ ಕ್ರಮ ಬೇಕೆಂದು ಹೇಳಿ ಎಂದು ತಡೆದು ನಿಲ್ಲಿಸಬೇಕು. ಧಾರವಾಡದ ಖಾನಾವಳಿಯಲ್ಲಿ ಊಟ ಎಂದಷ್ಟೇ ಹೇಳಿದವರಿಗೆ ಜೋಳದ ರೊಟ್ಟಿ ಬಂದರೆ ತೊಂದರೆಯಿಲ್ಲ, ಎಲೆಯ ಮೇಲೆ ಏನು ಬಂತೆಂದು ಅವರಿಗೆ ಕಾಣುತ್ತದೆ, ಚಪಾತಿ ಬೇಕಿದ್ದರೆ ಕೇಳುತ್ತಾರೆ. ಬಂದದ್ದು ಕಾಣದ ಕಡೆ, ಕಂಡರೂ ಗುರುತು ಹತ್ತದ ಕಡೆ ಹಾಗೆ ಬಡಿಸಬಾರದು.

ಇದೇ ಪಾಠವನ್ನು ಹೇಳುವ ಇನ್ನೊಂದು ಉದಾಹರಣೆ ಟೈಪಿನದಲ್ಲ, ಅಕ್ಷರ ಸಂಕೇತದ್ದು. ಫೈಲನ್ನು ಓದುವಾಗ ಇಲ್ಲವೇ ಬರೆಯುವಾಗ ಯಾವ ಸಂಕೇತ ಬಳಸಬೇಕೆಂದು ಹೇಳದಿದ್ದರೆ ಜಾವಾ ಬಹುಕಾಲ ಆಯಾ ಯಂತ್ರದ ಸಂಕೇತವನ್ನೇ ಡೀಫಾಲ್ಟಾಗಿ ಹಿಡಿಯುತ್ತಿತ್ತು. ಪಶ್ಚಿಮ ಯುರೋಪಿನ ಲಿಪಿಗಳಿಗೆಂದು ಮಾಡಿದ ಸಂಕೇತವಿರುವ ವಿಂಡೋಸ್ ಯಂತ್ರದಲ್ಲಿ ಒಂದು ಪ್ರೋಗ್ರಾಮ್ ಕನ್ನಡವನ್ನು ಬರೆದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತಿದ್ದವು. ಯುಟಿಎಫ್-8 ಬಳಸುವ ಯಂತ್ರದಲ್ಲಿ ಎಲ್ಲ ಸರಿಯಿರುತ್ತಿತ್ತು. 2022ರ ಮಾರ್ಚಿನಲ್ಲಿ ಬಂದ ಜಾವಾದ ಹದಿನೆಂಟನೆಯ ಆವೃತ್ತಿಯಲ್ಲಿ ಯುಟಿಎಫ್-8 ಎಲ್ಲ ಕಡೆಗೂ ಡೀಫಾಲ್ಟ್ ಆಯಿತು. ಇಂಗ್ಲಿಷ್ ಬರೆಯುವವರಿಗೆ ಹಳೆಯ ಡೀಫಾಲ್ಟಿನಿಂದ ತೊಂದರೆ ಕಡಿಮೆ, ಏಕೆಂದರೆ ಇಂಗ್ಲಿಷಿನ ಅಕ್ಷರಗಳು ಬಹುತೇಕ ಸಂಕೇತಗಳಲ್ಲಿ ಒಂದೇ ಸಂಖ್ಯೆ ಪಡೆದಿವೆ. ಡೀಫಾಲ್ಟಿನ ಬೆಲೆಯನ್ನು ಯಾರು ಕೊಡುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ: ಅದನ್ನು ಆರಿಸಿದವರ ಕಲ್ಪನೆಯಲ್ಲಿ ಇಲ್ಲದಿದ್ದವರು.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳನ್ನು ಎದುರಿಸಬೇಕು. ಮೊದಲ ಆಕ್ಷೇಪ: ಹೀಗಿದ್ದರೆ ಡೀಫಾಲ್ಟ್ ಏಕೆ ಬೇಕು, ಎಲ್ಲವನ್ನೂ ಬರೆದೇ ತೀರಬೇಕೆಂದು ವಿಧಿಸಬಾರದೆ? ಕೇಳಲು ನೇರವಾದ ಮಾತು. ಆದರೆ ಡೀಫಾಲ್ಟ್ ಕೊಡದಿದ್ದರೆ ಡೀಫಾಲ್ಟ್ ಇರುವುದಿಲ್ಲ ಎಂಬ ಊಹೆ ಇದರ ಕೆಳಗಿದೆ, ಅದು ನಿಜವಲ್ಲ. ಸ್ಕಾಲಾದಲ್ಲಿ ಯಾವ ಸಾಕ್ಷ್ಯವೂ ಇಲ್ಲದ ಟೈಪ್ ಪ್ಯಾರಾಮೀಟರಿಗೆ ಕಂಪೈಲರ್ ‘ನಥಿಂಗ್’ ಎಂಬ, ಯಾವ ಮೌಲ್ಯವೂ ಇಲ್ಲದ ಟೈಪನ್ನು ತಾನೇ ತುಂಬುತ್ತದೆ; ಎಷ್ಟೋ ಸಲ ಇದರ ಪರಿಣಾಮ ಪ್ರೋಗ್ರಾಮ್ ಓಡುವಾಗ ಮಾತ್ರ ಬಯಲಾಗುತ್ತದೆ. ಟೈಪ್‌ಸ್ಕ್ರಿಪ್ಟ್ ಅಂಥ ಜಾಗದಲ್ಲಿ ಖಾಲಿ ಆಬ್ಜೆಕ್ಟಿನ ಟೈಪನ್ನು ತುಂಬುತ್ತಿತ್ತು, 2019ರ 3.5ನೆಯ ಆವೃತ್ತಿಯಿಂದ ‘ಅನ್‌ನೋನ್’ ಎಂಬುದನ್ನು ತುಂಬುತ್ತಿದೆ. ಇಂಥ ಭಾಷೆಗಳಲ್ಲಿ ಮೌನಕ್ಕೆ ಏನಾದರೊಂದು ಉತ್ತರ ಸಿಕ್ಕೇ ಸಿಗುತ್ತದೆ. ಪ್ರಶ್ನೆ ಇರುವುದು, ಆ ಉತ್ತರವನ್ನು ಮೆಥಡಿನ ಉದ್ದೇಶ ಬಲ್ಲವರು ಕೊಡಬೇಕೋ, ಅದನ್ನರಿಯದ ಕಂಪೈಲರ್ ಕೊಡಬೇಕೋ ಎಂಬುದು. ನಿಜವಾಗಿ ಮೌನವನ್ನು ನಿಷೇಧಿಸಬೇಕೆಂದರೂ ಅದಕ್ಕೆ ಟೈಪ್ ಕ್ಲಾಸ್‌ನದೇ ನೆರವು ಬೇಕು: ‘ನಥಿಂಗ್’ ಬಂದರೆ ಎರಡು ಪತ್ರಗಳು ಸಮಬಲದಲ್ಲಿ ಡಿಕ್ಕಿ ಹೊಡೆದು ಕಂಪೈಲ್ ನಿಲ್ಲುವಂತೆ ಬರೆಯಬಹುದು. ಡೀಫಾಲ್ಟ್ ಕೊಡುವ ಉಪಕರಣವೇ ಡೀಫಾಲ್ಟನ್ನು ತಡೆಯುವ ಉಪಕರಣವೂ ಹೌದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕರೆಯುವವರು ಟೈಪನ್ನು ಬರೆಯದಿದ್ದರೂ ಸುತ್ತಲಿನ ಕೋಡ್ ನೋಡಿ ಕಂಪೈಲರ್ ಅದನ್ನು ಊಹಿಸುತ್ತದೆ. ಊಹೆ ಒಂದನ್ನು, ಡೀಫಾಲ್ಟ್ ಇನ್ನೊಂದನ್ನು ಹೇಳಿದರೆ ಯಾವುದು ಗೆಲ್ಲಬೇಕು? ಇಂದು ಡೀಫಾಲ್ಟ್ ಸೇರಿಸಿದರೆ ನಿನ್ನೆಯ ಕೋಡಿನ ಅರ್ಥ ಬದಲಾಗದೆ? ಡೀಫಾಲ್ಟ್ ಯಾವಾಗಲೂ ಊಹೆಯ ನಂತರವೇ ಬರಬೇಕು ಎಂಬುದು ಇದಕ್ಕೆ ಉತ್ತರ. ಊಹಿಸಲು ಒಂದಿಷ್ಟಾದರೂ ಸಾಕ್ಷ್ಯವಿದ್ದರೆ ಅದು ವಿಶೇಷ, ಡೀಫಾಲ್ಟ್ ಸಾಮಾನ್ಯ. ಸ್ಕಾಲಾದ ಎರಡು ಘೋಷಣೆಗಳ ರಚನೆ ಈ ಕ್ರಮವನ್ನು ಪಾಲಿಸುತ್ತದೆ. ಆದರೂ ಹಳೆಯ ಮೆಥಡಿಗೆ ಹೊಸದಾಗಿ ಡೀಫಾಲ್ಟ್ ಸೇರಿಸುವುದು, ಇದ್ದದ್ದನ್ನು ಬದಲಿಸುವುದು ಗಂಭೀರ ಕೆಲಸವೆಂಬುದನ್ನು ಒಪ್ಪಬೇಕು. ಜಾವಾ ತನ್ನ ಸಂಕೇತದ ಡೀಫಾಲ್ಟನ್ನು ಬದಲಿಸಿದಾಗ, ಹಳೆಯ ನಡವಳಿಕೆ ಬೇಕಾದವರಿಗೆಂದು ಓಡಿಸುವಾಗ ಕೊಡಬಹುದಾದ ಒಂದು ಆಯ್ಕೆಯನ್ನು ಉಳಿಸಿಕೊಂಡಿತು. ಒಮ್ಮೆ ಹೊರಬಿದ್ದ ಡೀಫಾಲ್ಟ್ ಒಂದು ಕರಾರು; ಅದನ್ನು ನಂಬಿದವರ ಹೆಸರು ಬರೆದವರಿಗೆ ಗೊತ್ತಿರುವುದಿಲ್ಲ.

ಮೂರನೆಯ ಆಕ್ಷೇಪ: ಇದು ಚತುರರ ಕೈಚಳಕ, ಸಾಮಾನ್ಯ ಪ್ರೋಗ್ರಾಮರ್ ಇದನ್ನು ಓದಿ ತಿಳಿಯಲಾರ, ತಪ್ಪಾದಾಗ ಕಂಪೈಲರ್ ಕೊಡುವ ಸಂದೇಶ ಅರ್ಥವಾಗದು. ಈ ದೂರಿನಲ್ಲಿ ಸತ್ಯವಿದೆ. ಭಾಷೆಯೇ ನೇರ ವ್ಯಾಕರಣ ಕೊಟ್ಟರೆ ಅದು ಮೇಲು, ಆದ್ಯತೆಯ ಇದೇ ನಿಯಮವನ್ನು ಉಳಿಸಿಕೊಂಡಿದ್ದರೆ. ಅದು ಬರುವವರೆಗೆ ಸಂದೇಶವನ್ನಾದರೂ ತಿದ್ದಬಹುದು. ಪತ್ರ ಸಿಗದಿದ್ದಾಗ ತೋರಿಸಬೇಕಾದ ಮಾತನ್ನು ಟೈಪ್ ಕ್ಲಾಸ್ ಬರೆದವರೇ ಸೂಚಿಸುವ ಸೌಲಭ್ಯ ಸ್ಕಾಲಾದಲ್ಲಿದೆ. ಆ ಮಾತನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಜೋಡಣೆಯ ಕ್ರಮವನ್ನು ಹೇಳಿಲ್ಲ, ವರ್ಣಮಾಲೆಯ ಕ್ರಮ ಬೇಕಿದ್ದರೆ ‘ಕನ್ನಡ ಪದ’ ಟೈಪನ್ನು ಬಳಸಿ ಎಂದು ಕಂಪೈಲರೇ ನಮ್ಮ ವಿದ್ಯಾರ್ಥಿಗೆ ಹೇಳುವಂತೆ ಮಾಡಬಹುದು.

ಇನ್ನು ಉಪಸಂಹಾರ. ಮೆಥಡ್ ಬರೆಯುವವರು ಡೀಫಾಲ್ಟ್ ಕೊಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಕರೆಯುವವರು ಏನಾದರೂ ಸೂಚಿಸಿದರೆ ಇದು ಹಿಂದೆ ಸರಿಯುತ್ತದೆಯೆ? ಇದನ್ನು ಓದುವವರಿಗೆ ಇದು ಇರುವುದು ಕಾಣುತ್ತದೆಯೆ? ಇದು ತಪ್ಪಾಗಿದ್ದರೆ ಬಳಸುವವರಿಗೆ ಕೂಡಲೇ ಗೊತ್ತಾಗುತ್ತದೆಯೆ? ಮೂರಕ್ಕೂ ಹೌದೆಂದರೆ ಡೀಫಾಲ್ಟ್ ಕೊಡಲಿ, ಅದು ಎಲ್ಲರ ದುಡಿಮೆ ಉಳಿಸುತ್ತದೆ. ಮೂರನೆಯದಕ್ಕೆ ಇಲ್ಲವೆಂದರೆ, ಭಾಷೆ, ಲಿಪಿ, ಅಳತೆ, ಹಣ, ಕಾಲಗಳ ವಿಷಯದಲ್ಲಿ ಬಹಳ ಸಲ ಇಲ್ಲವೆಂದೇ ಬರುತ್ತದೆ, ಡೀಫಾಲ್ಟ್ ಬಿಟ್ಟು ಕೇಳುವ ಮೆಥಡ್ ಬರೆಯಲಿ. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಜೆನೆರಿಕ್ಸ್ ಪಾಠ ಮಾಡುವ ಅಧ್ಯಾಪಕರಲ್ಲಿ ಒಂದು ವಿನಂತಿ. ಜೋಡಣೆಯ ಅಭ್ಯಾಸಕ್ಕೆ ಅಂಕಿಗಳ ಪಟ್ಟಿಯೊಂದನ್ನೇ ಕೊಡದೆ ಕನ್ನಡ ಪದಗಳ ಪಟ್ಟಿಯೊಂದನ್ನೂ ಕೊಡಿ. ಅದರಲ್ಲಿ ಕವಿಯೂ ಕಳೆಯೂ ಇರಲಿ. ತಾನು ಹೇಳದೆ ಬಿಟ್ಟ ಟೈಪನ್ನು ಬೇರೆ ಯಾರೋ ತುಂಬಿದ್ದಾರೆ, ಆ ತುಂಬಿದ್ದಕ್ಕೆ ತಾನೂ ಹೊಣೆ ಎಂಬುದು ವಿದ್ಯಾರ್ಥಿಗೆ ಆ ಒಂದೇ ಅಭ್ಯಾಸದಿಂದ ಮನದಟ್ಟಾಗುತ್ತದೆ.